ಬೆಂಗಳೂರು ಬಿಟ್ಟು ತೋಟಕ್ಕೆ ಬಂದವರು ನಾವು, ಈಗ ಯಜಮಾನರ ಕೆಲಸ ಹೋಗಿದೆ. ಇಲ್ಲೇ ನಿಲ್ಲಬಹುದಾ?

ಹೊಳೆಬದಿ ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲೂಕಿನ ಒಂದು ಒಳಹಳ್ಳಿ. ಕೋವಿಡ್ ಹೊತ್ತಿನಲ್ಲಿ ಯಜಮಾನರಿಗೆ ಮನೆಯಿಂದಲೇ ಕೆಲಸ ಅಂತಾಯಿತು. 2021ರಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ, ಇಲ್ಲಿ ಮೂರು ಎಕರೆ ತಗೊಂಡು ಬಂದೆವು. ಅರ್ಧ ಎಕರೆ ಹಳೇ ಅಡಿಕೆ ತೋಟ, ಮುಕ್ಕಾಲು ಎಕರೆ ಗದ್ದೆ, ಉಳಿದದ್ದು ಬ್ಯಾಣ, ಅಂದರೆ ಹುಲ್ಲು, ಮರ ಇರುವ ಗುಡ್ಡದ ಜಾಗ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮಗಳಿಗೆ 14, ಮಗನಿಗೆ 9.

ವರ್ಷಕ್ಕಾಗುವಷ್ಟು ಅಕ್ಕಿ ನಮ್ಮದೇ. ತರಕಾರಿ, ತೆಂಗಿನಕಾಯಿ, ಹಾಲು, ತುಪ್ಪ ಕೊಳ್ಳುವುದಿಲ್ಲ. ಮಲೆನಾಡು ಗಿಡ್ಡ ದನ ಐದಿವೆ, ಅಡುಗೆ ಗೋಬರ್ ಗ್ಯಾಸಿನಲ್ಲಿ. ಕರೆಂಟು ಕಂಬ ನಮ್ಮ ಮನೆವರೆಗೆ ಬಂದಿಲ್ಲ, ಎಲ್ಲಾ ಸೋಲಾರ್. ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಅಂಗಡಿಯಿಂದ ಬರುವುದು ಉಪ್ಪು, ತೊಗರಿಬೇಳೆ, ಸಕ್ಕರೆ, ಎಣ್ಣೆ, ಸೋಪು ಅಷ್ಟೇ.

ಫೆಬ್ರವರಿಯಲ್ಲಿ ಯಜಮಾನರ ಕೆಲಸ ಹೋಯಿತು. ಏಳು ವರ್ಷ ದುಡಿದ ಕಂಪನಿ, ಒಂದು ವಿಡಿಯೋ ಕಾಲ್‌ನಲ್ಲಿ ಹೇಳಿ ಮುಗಿಸಿದರು. ಊಟಕ್ಕೆ ತೊಂದರೆ ಇಲ್ಲ. ಆದರೆ ತಿಂಗಳಿಗೆ ಸುಮಾರು 30 ಸಾವಿರ ನಗದು ಬೇಕೇ ಬೇಕು. ಜಾಗದ ಸಾಲದ ಕಂತೇ 16 ಸಾವಿರ. ಅದರ ಮೇಲೆ ಅತ್ತೆಯ ಔಷಧಿ, ಇಂಟರ್ನೆಟ್, ಪೆಟ್ರೋಲ್, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರ ಕೂಲಿ. ಅಡಿಕೆ ವರ್ಷಕ್ಕೆ ಮೂರು ಕ್ವಿಂಟಲ್ ಸಿಕ್ಕರೆ ಹೆಚ್ಚು. ಇಷ್ಟು ದಿನ ಕಂಪನಿಯ ವಿಮೆ ಇತ್ತು, ಈಗ ಅದೂ ಇಲ್ಲ.

ನೆಂಟರೆಲ್ಲ "ಸಾಕು ಮಾಡಿ, ವಾಪಸ್ ಹೋಗಿ" ಅನ್ನುತ್ತಿದ್ದಾರೆ. ನನಗೆ ಇಲ್ಲೇ ಇರುವ ಆಸೆ. ಅನುಭವ ಇದ್ದವರು ದಾರಿ ಹೇಳಿ.

ಗದ್ದೆಬಯಲು
ಅಕ್ಕ, ಮೊದಲು ಒಂದು ಮಾತು. ಕೆಲಸ ಹೋಗಿ ಎರಡು ತಿಂಗಳಾದರೂ ಊಟದ ಚಿಂತೆ ಇಲ್ಲ ಅಂತ ಬರೆದಿದ್ದೀರಲ್ಲ, ಅಷ್ಟು ಹೇಳಬಲ್ಲ ಮನೆ ಬೆಂಗಳೂರಲ್ಲಿ ಎಷ್ಟಿವೆ? ಅರ್ಧ ಗೆದ್ದಿದ್ದೀರಿ.

ಬನಶಂಕರಿ ಬಡಾವಣೆ
ಗೆದ್ದಿದ್ದಾರೆ ಅನ್ನುವುದು ಸುಲಭ. ನಾನು ಕಟುವಾಗಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಇದು ಸ್ವಾವಲಂಬನೆ ಅಲ್ಲ. ಬೆಂಗಳೂರಿನ ಸಂಬಳದ ಮೇಲೆ ನಿಂತ ಹಳ್ಳಿ ಬದುಕು. ಸಂಬಳ ನಿಂತ ಕೂಡಲೇ ಅಲುಗಾಡುತ್ತಿದೆ. ನಿಮ್ಮ ಯಜಮಾನರಿಗೆ ಇನ್ನೂ ವಯಸ್ಸಿದೆ, ಅನುಭವ ಇದೆ. ಒಬ್ಬರೇ ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇದ್ದು ಮೂರು ವರ್ಷ ದುಡಿದು ಸಾಲ ತೀರಿಸಲಿ. ಆಮೇಲೆ ತೋಟ ಎಲ್ಲಿಗೂ ಓಡಿ ಹೋಗುವುದಿಲ್ಲ.

ತುಂಗಾ ತೀರ
@ಬನಶಂಕರಿ ಬಡಾವಣೆ, ತೋಟ ಓಡಿ ಹೋಗುವುದಿಲ್ಲ ಅಂದಿರಲ್ಲ, ಒಂದು ಮಳೆಗಾಲ ಹೊತ್ತಿಗೆ ಸರಿಯಾಗಿ ಮದ್ದು ಹೊಡೆಯದೆ ನೋಡಿ! ಅಡಿಕೆಗೆ ಕೊಳೆ ರೋಗ ಬಂದರೆ ಆ ವರ್ಷದ ಫಸಲು ನೆಲದ ಮೇಲೆ. ಗಂಡಸು ಮೂರು ವರ್ಷ ಊರಲ್ಲಿಲ್ಲದ ತೋಟಗಳು ನಮ್ಮ ಕಡೆ ಹೇಗಾಗಿವೆ ಅಂತ ಬಂದು ನೋಡಿ ಹೇಳಿ.

ಸೊಸೆ ಮನೆ ಶೃಂಗೇರಿ
"ಗಂಡಸು ಊರಲ್ಲಿಲ್ಲದ ತೋಟ" ಅಂದರೇನು? ನಮ್ಮ ತೋಟ ಹತ್ತು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕೊನೆಗೌಡರಿಗೆ ಫೋನ್ ಮಾಡುವುದರಿಂದ ಹಿಡಿದು ಮಂಡಿ ಲೆಕ್ಕದವರೆಗೆ. ಮಾತು ಸ್ವಲ್ಪ ನೋಡಿ ಆಡಿ.

ತುಂಗಾ ತೀರ
ಮನೆಯಲ್ಲಿ ಒಂದು ಆಳು ಕಡಿಮೆಯಾದರೆ ಕಷ್ಟ ಅಂತ ಹೇಳಿದ್ದು ಅಕ್ಕ. ನಿಮ್ಮ ಮಾತು ಒಪ್ಪುತ್ತೇನೆ.

ಲೆಕ್ಕದ ಪುಸ್ತಕ
ಭಾವನೆ ಆಮೇಲೆ, ಮೊದಲು ಬರಬೇಕಾದ ದುಡ್ಡು ನೋಡೋಣ. ಏಳು ವರ್ಷ ಅಂದಿರಿ. ಐದು ವರ್ಷ ತುಂಬಿದವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಸೇವೆಯ ಇಡಿಗಂಟು, ಬರಲೇಬೇಕು. ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ಮೂಲ ವೇತನ 40 ಸಾವಿರ ಇದ್ದರೆ ಏಳು ವರ್ಷಕ್ಕೆ ಒಂದು ಲಕ್ಷ 61 ಸಾವಿರದಷ್ಟು. 30 ದಿನದೊಳಗೆ ಕೊಡಬೇಕು, ತಡ ಮಾಡಿದರೆ ಬಡ್ಡಿ ಸೇರಿಸಿ ಕೊಡಬೇಕು. ರಾಜೀನಾಮೆ ಬರೆಸಿಕೊಂಡಿದ್ದರೂ ಇದು ತಪ್ಪುವುದಿಲ್ಲ. ಬಂದಿದೆಯಾ?

ಇನ್ನು ಪಿಎಫ್. ಕೆಲಸ ಬಿಟ್ಟು ಎರಡು ತಿಂಗಳಾದರೆ ಪೂರ್ತಿ ತೆಗೆಯಬಹುದು.

ಜಯನಗರ ನಾಲ್ಕನೇ ಬ್ಲಾಕ್
ಎರಡು ತಿಂಗಳ ಮಾತು ಹಳೇದು. 2025ರ ಅಕ್ಟೋಬರಿನಲ್ಲಿ ಪಿಎಫ್ ಮಂಡಳಿ ಬೇರೆ ತೀರ್ಮಾನ ಮಾಡಿದೆ. ಕೆಲಸ ಹೋದ ಕೂಡಲೇ 75% ತೆಗೆಯಬಹುದು, ಉಳಿದ 25% ಗೆ 12 ತಿಂಗಳು ಕಾಯಬೇಕು ಅಂತ. ಅರ್ಜಿ ಹಾಕುವ ಮೊದಲು ಪೋರ್ಟಲ್‌ನಲ್ಲಿ ಏನು ತೋರಿಸುತ್ತೆ ನೋಡಿಕೊಳ್ಳಿ. ಆದರೆ ನನ್ನ ಸಲಹೆ ಪಿಎಫ್ ಕೊನೆಗೆ ಮುಟ್ಟಿ. ಅದು ವಯಸ್ಸಾದ ಮೇಲಿನ ದುಡ್ಡು.

ಲೆಕ್ಕದ ಪುಸ್ತಕ
ಸರಿ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೂ ಸಾಲದ ಬಡ್ಡಿ ಪಿಎಫ್ ಬಡ್ಡಿಗಿಂತ ಜಾಸ್ತಿ ಇದ್ದರೆ, ಪಿಎಫ್ ತೆಗೆದು ಸಾಲ ಇಳಿಸುವುದೇ ಲಾಭ ಅಂತ ನನ್ನ ವಾದ. 16 ಸಾವಿರದ ಕಂತು ಹೋದರೆ ಈ ಮನೆ 14 ಸಾವಿರದಲ್ಲಿ ನಡೆಯುತ್ತೆ. 14 ಸಾವಿರಕ್ಕೆ ಬೆಂಗಳೂರಿಗೆ ಹೋಗುವ ಅಗತ್ಯವೇ ಇಲ್ಲ.

ಹೊಳೆಬದಿ ಮನೆ
ಗ್ರಾಚ್ಯುಟಿ ಇನ್ನೂ ಬಂದಿಲ್ಲ. "ಪ್ರೊಸೆಸ್‌ನಲ್ಲಿದೆ" ಅನ್ನುತ್ತಿದ್ದಾರೆ. ಇವತ್ತೇ ಮೇಲ್ ಹಾಕಿಸುತ್ತೇನೆ. ಸಾಲ ಇಳಿಸುವ ವಿಚಾರ ನಮಗೂ ಬಂದಿತ್ತು. ಆದರೆ ಕೈಯಲ್ಲಿ ಏನೂ ಇಲ್ಲದೆ ಅತ್ತೆಗೆ ಹುಷಾರು ತಪ್ಪಿದರೆ ಅಂತ ಭಯ.

ಬಯಲುಸೀಮೆ ರೈತ
ಚಳ್ಳಕೆರೆ ಕಡೆಯವನು ನಾನು. ನೀವೆಲ್ಲ ಇದನ್ನು ಸ್ವಾವಲಂಬನೆ, ಮುಖ್ಯವಾಹಿನಿಯಿಂದ ಹೊರಗೆ, ಏನೇನೋ ಅಂತ ಕರೆಯುತ್ತೀರಿ. ನಮ್ಮಪ್ಪ, ತಾತ ಬದುಕಿದ್ದೇ ಹೀಗೆ. ಮನೆ ರಾಗಿ, ಮನೆ ಶೇಂಗಾ, ಎರಡು ಎಮ್ಮೆ. ಅದಕ್ಕೆ ಹೆಸರಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಬಳ್ಳಾರಿಗೋ ಬೆಂಗಳೂರಿಗೋ ಕೂಲಿಗೆ ಹೋಗುತ್ತಿದ್ದರು, ಮಳೆ ಬಂದರೆ ವಾಪಸ್. ಹೊರಗೆ ದುಡಿಯಲು ಹೋದರೆ ಸೋತ ಹಾಗೆ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಹೊಲ ಉಳಿಸಿಕೊಳ್ಳೋಕೆ ಹೋಗೋದು ಅಷ್ಟೇ. ನಿಮ್ಮ ಯಜಮಾನರು ಆರು ತಿಂಗಳು ಹೊರಗೆ ದುಡಿದರೆ ಮಾನ ಹೋಗಲ್ಲ ತಂಗಿ.

ಗದ್ದೆಬಯಲು
ಇದು ನಿಜವಾದ ಮಾತು ಅಣ್ಣ.

ಬನಶಂಕರಿ ಬಡಾವಣೆ
ನಾನು ಹೇಳಿದ್ದೂ ಇದೇ ಅಲ್ವಾ? ಆದರೆ ಬಯಲುಸೀಮೆ ಅಣ್ಣ ಹೇಳಿದಾಗ ಎಲ್ಲರಿಗೂ ಹಿತವಾಯಿತು.

ಕಡಲತಡಿ ಅಜ್ಜ
ಉಡುಪಿ ಕಡೆಯವರಿಗೆ ಚೇರ್ಕಾಡಿ ರಾಮಚಂದ್ರ ರಾಯರ ಹೆಸರು ಗೊತ್ತಿರುತ್ತದೆ. ಗಾಂಧಿ ಅನುಯಾಯಿ. ಎರಡು ಎಕರೆ ಚಿಲ್ಲರೆ ಒಣ ಜಾಗದಲ್ಲಿ ಬಾವಿ ನೀರು ಸೇದಿ, ಕೈಯಲ್ಲೇ ಬುಡಕ್ಕೆ ಹಾಕಿ ಭತ್ತ ಬೆಳೆದವರು. ಗದ್ದೆಗೆ ನೀರು ಕಟ್ಟಿ ನಿಲ್ಲಿಸುತ್ತಿರಲಿಲ್ಲ. ಮನೆಯವರೇ ದುಡಿಯಬೇಕು, ಸಾಲ ಮಾಡಬಾರದು, ಅಷ್ಟೇ ಅವರ ಪಟ್ಟು. ಈ ಮಗಳು ಕೇಳಿದ ಪ್ರಶ್ನೆಯ ತಿರುಳು ಸಾಲದಲ್ಲಿದೆ. ಕಂತು ಕಟ್ಟುವ ಜಾಗದಲ್ಲಿ ನಿಂತು ಸಂಬಳ ಬೇಡ ಅನ್ನಲು ಆಗುವುದಿಲ್ಲ. ಮೊದಲು ಬ್ಯಾಂಕಿಗೆ ಹೋಗಿ, ಕೆಲಸ ಹೋದ ಪತ್ರ ತೋರಿಸಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ಕಂತು ತಪ್ಪುವ ಮೊದಲು ಹೋಗಬೇಕು. ತಪ್ಪಿದ ಮೇಲೆ ಹೋದರೆ ಅವರ ಮಾತಿನ ಧಾಟಿಯೇ ಬೇರೆ.

ಡಲ್ಲಾಸ್ ಕನ್ನಡಿಗ
ಇಲ್ಲಿಂದ ಒಂದು ಮಾತು. ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ನಮಗಾಗಿ ಅರ್ಜಿ ಹಾಕಬೇಕು, ಅಥವಾ ಬೇರೆ ವೀಸಾ ನೋಡಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕಳೆದ ವರ್ಷ ನಮ್ಮ ಮನೆಯಲ್ಲಿ ಅದೇ ಆಯಿತು. ಮಕ್ಕಳ ಶಾಲೆ, ಮನೆ ಸಾಲ, ಕಾರು ಎಲ್ಲಾ ಒಂದೇ ದಾರದಲ್ಲಿ ನೇತಾಡುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಿಮಗೆ ಯಾರೂ ಗಡುವು ಕೊಟ್ಟಿಲ್ಲ. ಆತುರದಲ್ಲಿ ತೋಟ ಮಾರುವ ನಿರ್ಧಾರ ಮಾತ್ರ ಮಾಡಬೇಡಿ.

ಶಿರಸಿ ಬಲ್ಬು
ಕರೆಂಟಿನ ವಿಷಯಕ್ಕೆ ಬರುತ್ತೇನೆ. ಬ್ಯಾಟರಿ ಯಾವುದು? 2021ರದ್ದಾದರೆ ಟ್ಯೂಬುಲರ್ ಬ್ಯಾಟರಿ ಇನ್ನೇನು ಮುಗಿಯುವ ಹೊತ್ತು. ನಾಲ್ಕು ಬದಲಿಸಲು 60 ಸಾವಿರ ಎತ್ತಿಡಬೇಕು. ಈ ಖರ್ಚು ನಿಮ್ಮ 30 ಸಾವಿರದ ಲೆಕ್ಕದಲ್ಲಿ ಬಂದಿಲ್ಲ.

ಬೆಣ್ಣೆದೋಸೆ
ಕಂಬ ಎಷ್ಟು ದೂರ ಇದೆ? ಮೆಸ್ಕಾಂ ಲೈನ್ ಹಾಕಿಸಿಕೊಂಡರೆ ಗೃಹಜ್ಯೋತಿಯಲ್ಲಿ ಒಂದು ಮಿತಿವರೆಗೆ ಬಿಲ್ಲೇ ಇಲ್ಲ. 2023ರ ಆಗಸ್ಟ್‌ನಿಂದ ಇಡೀ ರಾಜ್ಯ ತಗೊಳ್ತಾ ಇದೆ, ನೀವು ಮಾತ್ರ ಬ್ಯಾಟರಿಗೆ ದುಡ್ಡು ಸುರಿಯುತ್ತಿದ್ದೀರಿ.

ಹೊಳೆಬದಿ ಮನೆ
ಕಂಬ ಅರ್ಧ ಕಿಲೋಮೀಟರ್ ಆಚೆ. ಮಧ್ಯದಲ್ಲಿ ಕಾಡು. ಮಳೆಗಾಲದಲ್ಲಿ ಮರ ಬಿದ್ದು ಆ ಮನೆಗಳಲ್ಲೇ ಮೂರು ನಾಲ್ಕು ದಿನ ಕತ್ತಲೆ ಇರುತ್ತೆ. ಆಗ ಅವರು ಫೋನ್ ಚಾರ್ಜ್ ಮಾಡಲು ನಮ್ಮ ಮನೆಗೇ ಬರುತ್ತಾರೆ. ಬ್ಯಾಟರಿ ಹಳೇದಾಗಿರುವುದು ನಿಜ. ಜೂನ್ ಜುಲೈನಲ್ಲಿ ಬಿಸಿಲೇ ಇರುವುದಿಲ್ಲ, ಸಂಜೆ ಏಳಕ್ಕೇ ಇನ್ವರ್ಟರ್ ಕೂಗುತ್ತೆ. ಯಜಮಾನರು ಮನೆಯಿಂದ ಫ್ರೀಲ್ಯಾನ್ಸ್ ಮಾಡಬೇಕು ಅಂದರೆ ಅದೇ ದೊಡ್ಡ ತೊಡಕು.

ಶಿರಸಿ ಬಲ್ಬು
ಮನೆಯ ಹೆಸರೇ ಹೊಳೆಬದಿ ಮನೆ! ಹೊಳೆ ಇಟ್ಟುಕೊಂಡು ಬಿಸಿಲಿಗೆ ಯಾಕೆ ಕಾಯುತ್ತೀರಿ ಅಕ್ಕ? ನಮ್ಮ ಮನೆಯಲ್ಲಿ ಪೈಕೋ ಟರ್ಬೈನ್ ಇದೆ, ಬೀಳುವ ನೀರಿನಿಂದ ಕರೆಂಟು ಮಾಡುವ ಸಣ್ಣ ಯಂತ್ರ. ಲೆಕ್ಕ ಸುಲಭ. ಸೆಕೆಂಡಿಗೆ 10 ಲೀಟರ್ ನೀರು, 20 ಮೀಟರ್ ಇಳಿಜಾರು ಸಿಕ್ಕರೆ ಸುಮಾರು 1 ಕಿಲೋವಾಟ್. ಹಗಲೂ ರಾತ್ರಿ ತಿರುಗುತ್ತೆ. ಬಿಸಿಲು ಹೋಗುವ ಹೊತ್ತಿಗೆ ನೀರು ಬರುತ್ತೆ, ನೀರು ಇಳಿಯುವ ಹೊತ್ತಿಗೆ ಬಿಸಿಲು ಬರುತ್ತೆ. ಮಲೆನಾಡಿಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

ಕೆಲಸ ಇಲ್ಲ ಅಂತಲ್ಲ. ನೀರು ತಿರುಗಿಸುವ ಜಾಗದಲ್ಲಿ ಸಣ್ಣ ಕಟ್ಟೆ, ಅದರ ಬಾಯಿಗೆ ಜಾಲರಿ. ಜೋರು ಮಳೆಯಲ್ಲಿ ಎಲೆ, ಕಸ ಬಂದು ಜಾಲರಿಗೆ ಅಂಟಿಕೊಳ್ಳುತ್ತೆ. ಬಲ್ಬು ಮಂಕಾಯಿತು ಅಂದರೆ ಟಾರ್ಚ್ ಹಿಡಿದು, ಮಳೆಗೆ ಕೊಪ್ಪೆ ಹಾಕಿಕೊಂಡು ಹತ್ತಬೇಕು. ಕೈಯಲ್ಲಿ ಎಲೆ ಬಾಚಿ ತೆಗೆದರೆ ಪೈಪಿನೊಳಗೆ ನೀರು ಗುಟುಕರಿಸುವ ಸದ್ದು ಕೇಳುತ್ತೆ, ಕೆಳಗೆ ಮನೆಯಲ್ಲಿ ದೀಪ ಏರುತ್ತೆ. ಉಂಬಳ (ಜಿಗಣೆ) ಕಾಲಿಗೆ ಹತ್ತುವುದಂತೂ ಇದ್ದೇ ಇದೆ. ಜಾಲರಿಯನ್ನು ಓರೆಯಾಗಿ ಕೂರಿಸಿದರೆ ಕಸ ತಾನೇ ಜಾರಿ ಹೋಗಿ ಈ ಕಾಟ ಕಡಿಮೆಯಾಗುತ್ತೆ.

ತುಂಗಾ ತೀರ
ನಮ್ಮಲ್ಲೂ ಇದೆ. ಡಿಸೆಂಬರ್‌ವರೆಗೆ ಚಿಂತೆಯಿಲ್ಲ. ಆದರೆ ಕೆಳಗಿನ ತೋಟದವರಿಗೆ ಮೊದಲೇ ಹೇಳಿ ಕೂರಿಸಿ. ನೀರು ಮತ್ತೆ ಹಳ್ಳಕ್ಕೇ ಸೇರುತ್ತೆ ಅಂತ ತೋರಿಸಿ. ಇಲ್ಲದಿದ್ದರೆ ಪಂಚಾಯ್ತಿವರೆಗೆ ಜಗಳ ಹೋಗುತ್ತೆ.

ಕೋತಿ ಕಾಟ ಕೊಪ್ಪ
ಮಲೆನಾಡಿನಲ್ಲಿ ಸ್ವಾವಲಂಬನೆ ಅಂತೀರಲ್ಲ, ಮಂಗನಿಂದ ತರಕಾರಿ ಹೇಗೆ ಉಳಿಸಿದಿರಿ? ನಮ್ಮಲ್ಲಿ ಬಾಳೆಗೊನೆ, ತೆಂಗು, ಏಲಕ್ಕಿ ಏನೂ ಬಿಡಲ್ಲ.

ಸೊಸೆ ಮನೆ ಶೃಂಗೇರಿ
ಮೆಣಸು, ಶುಂಠಿ, ಅರಿಶಿನ, ಸುವರ್ಣಗೆಡ್ಡೆ ಹಾಕಿ. ಇವನ್ನು ಕಡಿಮೆ ಮುಟ್ಟುತ್ತವೆ. ಬೆಂಡೆ, ಬದನೆ ಮಾತ್ರ ಬಲೆಯೊಳಗೆ.

ಕೋತಿ ಕಾಟ ಕೊಪ್ಪ
ಗೆಡ್ಡೆ ಮಂಗ ಬಿಟ್ಟರೆ ಹಂದಿ ಬಿಡಲ್ಲ ಅಕ್ಕ.

ನಿರ್ವಾಹಕ
ಮಂಗನ ವಿಷಯಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ. ಇಲ್ಲಿ ಈ ಕುಟುಂಬದ ಪ್ರಶ್ನೆ ಮುಂದುವರಿಯಲಿ.

ಹೆಸರು ಬೇಡ
14 ವರ್ಷದ ಹುಡುಗಿಯನ್ನು ಶಾಲೆಗೆ ಕಳಿಸಿಲ್ಲ ಅನ್ನುವುದನ್ನು ಯಾರೂ ಕೇಳಲಿಲ್ಲವಲ್ಲ? ಅಪ್ಪ ಅಮ್ಮನ ಪ್ರಯೋಗಕ್ಕೆ ಮಕ್ಕಳ ಭವಿಷ್ಯ ಬಲಿಯಾಗಬಾರದು.

ನಿವೃತ್ತ ಮೇಷ್ಟ್ರು
ಪ್ರಶ್ನೆ ಸರಿ, ಭಾಷೆ ಖಾರವಾಯಿತು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ಶಾಲೆಯಲ್ಲೇ ಕೂತು ಏನೂ ಕಲಿಯದ ಮಕ್ಕಳನ್ನೂ ನೋಡಿದ್ದೇನೆ, ಮನೆಯಲ್ಲಿ ಕಲಿತು ಮುಂದೆ ಬಂದವರನ್ನೂ ನೋಡಿದ್ದೇನೆ. ಆದರೆ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರಲೇಬೇಕಮ್ಮ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ತುಂಬಿದರೆ 10ನೇ ತರಗತಿಗೆ ನೋಂದಾಯಿಸಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಎಲ್ಲಾ ವಿಷಯ ಒಟ್ಟಿಗೇ ಬರೆಯಬೇಕಿಲ್ಲ. ಪಾಸಾದ ವಿಷಯದ ಅಂಕ ಉಳಿಯುತ್ತೆ, ಐದು ವರ್ಷದೊಳಗೆ ಮುಗಿಸಿದರಾಯಿತು. ಅದರ ಮೇಲೆ ಪಿಯುಸಿ ಸೇರಬಹುದು. ಮನೆಯ ದುಡ್ಡಿನ ಗಲಾಟೆಯಲ್ಲಿ ಇದನ್ನು ಮುಂದಕ್ಕೆ ಹಾಕಬೇಡಿ. ಶುಲ್ಕ ದೊಡ್ಡದಲ್ಲ, ದಿನಾಂಕ ತಪ್ಪಿಸಿಕೊಂಡರೆ ಆರು ತಿಂಗಳು ಹೋಗುತ್ತೆ.

ಹೊಳೆಬದಿ ಮನೆ
ಮೇಷ್ಟ್ರೇ, ನೋಂದಣಿ ಆಗಿದೆ. ಕನ್ನಡ ಮತ್ತು ಗೃಹವಿಜ್ಞಾನ ಮೊದಲು ಬರೆಯುತ್ತಾಳೆ. @ಹೆಸರು ಬೇಡ ಅವರೇ, ನನ್ನ ಮಗಳು ದನ ಹೆರಿಗೆ ಮಾಡಿಸಬಲ್ಲಳು, ಮಂಡಿ ಚೀಟಿ ನೋಡಿ ತೂಕದಲ್ಲಿ ಎಷ್ಟು ಕಳೆದಿದ್ದಾರೆ ಅಂತ ಲೆಕ್ಕ ಹಾಕಬಲ್ಲಳು. ಬಲಿ ಅನ್ನುವ ಮಾತು ನೋವಾಯಿತು.

ಹೆಸರು ಬೇಡ
ನೋಂದಣಿ ಆಗಿರುವುದು ಗೊತ್ತಿರಲಿಲ್ಲ. ಆ ಪದ ವಾಪಸ್ ತಗೊಳ್ತೇನೆ.

ಸುಳ್ಯದ ಸೊಪ್ಪು
ವಿಮೆ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ನಿಮ್ಮೂರಿನ ಸಹಕಾರಿ ಸೊಸೈಟಿಯಲ್ಲಿ ಸದಸ್ಯತ್ವ ಇದೆಯಾ? ಇದ್ದರೆ ಯಶಸ್ವಿನಿ ಮಾಡಿಸಿ. ಗ್ರಾಮೀಣ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಆಮೇಲೆ ಪ್ರತಿಯೊಬ್ಬರಿಗೆ 100. ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಸೊಸೈಟಿ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ. ಅದೇ ಸೊಸೈಟಿಯಲ್ಲಿ ಬೆಳೆ ಸಾಲವೂ ಸಿಗುತ್ತೆ. ರಾಜ್ಯ ಸರ್ಕಾರ 2023ರಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ಹೊತ್ತಿಗೆ ಸರಿಯಾಗಿ ಕಟ್ಟಬೇಕು, ಅಷ್ಟೇ. ಮದ್ದು, ಗೊಬ್ಬರ, ಕೊನೆಗೌಡರ ಕೂಲಿ ಅದರಲ್ಲಿ ನಡೆಸಬಹುದು.

ಬೆಣ್ಣೆದೋಸೆ
ಗೃಹಲಕ್ಷ್ಮಿ 2 ಸಾವಿರಕ್ಕೂ ಹಾಕಿ.

ಲೆಕ್ಕದ ಪುಸ್ತಕ
ಯಜಮಾನರು ಆದಾಯ ತೆರಿಗೆ ಕಟ್ಟುತ್ತಿದ್ದವರು. ಗಂಡ ಅಥವಾ ಹೆಂಡತಿ ತೆರಿಗೆ ಕಟ್ಟುವವರಾದರೆ ಬರಲ್ಲ. ಸುಮ್ನೆ ಓಡಾಟ.

ಬನಶಂಕರಿ ಬಡಾವಣೆ
ಸ್ವಾವಲಂಬಿ ಅಂತ ಹೇಳಿಕೊಂಡು ಸೊಸೈಟಿ ಸಾಲ, ಸರ್ಕಾರದ ಯೋಜನೆ ಎಲ್ಲಾ ತಗೊಳ್ಳುವುದು ಸರಿನಾ?

ಬಯಲುಸೀಮೆ ರೈತ
ಸೊಸೈಟಿ ಅಂದರೆ ಊರವರು ಷೇರು ಹಾಕಿ ಕಟ್ಟಿದ್ದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ದಾರಿ ಅದು. ಒಬ್ಬರಿಗೊಬ್ಬರು ಆಗುವುದಕ್ಕೇ ಅದನ್ನು ಕಟ್ಟಿದ್ದು. ಯಾರ ಹಂಗೂ ಇಲ್ಲದೆ ಒಂಟಿಯಾಗಿ ಬದುಕಿದ ರೈತನನ್ನು ನಾನಂತೂ ಕಂಡಿಲ್ಲ. ತೆರಿಗೆ ಇಷ್ಟು ವರ್ಷ ಇವರೂ ಕಟ್ಟಿದ್ದಾರೆ.

ಸೊಸೆ ಮನೆ ಶೃಂಗೇರಿ
ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಮುಯ್ಯಾಳು ಇಲ್ಲದಿದ್ದರೆ ನಾಟಿಯೇ ಆಗುತ್ತಿರಲಿಲ್ಲ. ನಾವು ಅವರ ಗದ್ದೆಗೆ ಎರಡು ದಿನ, ಅವರು ನಮ್ಮ ಗದ್ದೆಗೆ ಎರಡು ದಿನ. ಕೂಲಿ ದುಡ್ಡು ಕೈ ಬದಲಾಗುವುದಿಲ್ಲ. ಅಕ್ಕ, ನಿಮ್ಮೂರಲ್ಲಿ ಇನ್ನೂ ಇದ್ದರೆ ಸೇರಿಕೊಳ್ಳಿ. ಖರ್ಚು ಉಳಿಯುವುದಕ್ಕಿಂತ ಜಾಸ್ತಿ, ಊರವರು ನಿಮ್ಮನ್ನು "ಬೆಂಗಳೂರಿನವರು" ಅನ್ನುವುದು ನಿಲ್ಲುತ್ತೆ.

ಇನ್ನೊಂದು. ಈಗ ಹಲಸಿನ ಹೊತ್ತು. ಬ್ಯಾಣದಲ್ಲಿ ಹಲಸಿನ ಮರ ಇದ್ದೇ ಇರುತ್ತೆ. ಬಲಿತ ಕಾಯಿ ನೋಡಿ ಹಪ್ಪಳ ಮಾಡಿ. ಸೊಳೆ ಬೇಯಿಸಿ, ಬಿಸಿ ಇರುವಾಗಲೇ ಒರಳಿನಲ್ಲಿ ಕುಟ್ಟಬೇಕು, ಆರಿದರೆ ಹಿಟ್ಟು ಗಂಟಾಗುತ್ತೆ. ಉಂಡೆಗೆ ಎಣ್ಣೆ ಸವರಿ, ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ಮಣೆಯಿಂದ ಒತ್ತುವುದು. ಚಾಪೆ ಮೇಲೆ ಎರಡು ಬಿಸಿಲು ಸಾಕು. ಮಾರುವುದಾದರೆ ಆಹಾರ ಸುರಕ್ಷತೆ ನೋಂದಣಿ ಬೇಕು. ಆನ್‌ಲೈನ್‌ನಲ್ಲೇ ಆಗುತ್ತೆ. ಅಪ್ಪೆಮಿಡಿ ಉಪ್ಪಿನಕಾಯಿಗೂ ಅದೇ ನೋಂದಣಿ ನಡೆಯುತ್ತೆ.

ಜಯನಗರ ನಾಲ್ಕನೇ ಬ್ಲಾಕ್
ಹಪ್ಪಳ ಇದ್ದರೆ ನನಗೆ ಎರಡು ಕಟ್ಟು.

ಡಲ್ಲಾಸ್ ಕನ್ನಡಿಗ
ಇಲ್ಲಿಗೆ ಕಳಿಸುತ್ತೀರಾ? ಅಮ್ಮ ಇದ್ದಾಗ ತರುತ್ತಿದ್ದರು.

ನಿರ್ವಾಹಕ
ಮಾರಾಟ, ಕೊಳ್ಳುವ ಮಾತು ಈ ಎಳೆಯಲ್ಲಿ ಬೇಡ. ಸಂತೆಕಟ್ಟೆ ವಿಭಾಗ ಇದೆ.

ಲೆಕ್ಕದ ಪುಸ್ತಕ
ಹಪ್ಪಳದಿಂದ 16 ಸಾವಿರದ ಕಂತು ಹುಟ್ಟಲ್ಲ ಅಂತ ಯಾರಾದರೂ ಹೇಳಬೇಕು, ಆದ್ದರಿಂದ ನಾನೇ ಹೇಳುತ್ತೇನೆ. ಋತುವಿನಲ್ಲಿ 20 ಸಾವಿರ ಉಳಿದರೆ ದೊಡ್ಡದು. ಕಂತು ಇಳಿಸಿ, ಗ್ರಾಚ್ಯುಟಿಯನ್ನು ಆಸ್ಪತ್ರೆಗೆ ಅಂತ ಮುಟ್ಟದೆ ಇಡಿ, ಯಜಮಾನರು ತಿಂಗಳಿಗೆ ಹತ್ತು ದಿನದ ಕೆಲಸವನ್ನಾದರೂ ಹಿಡಿಯಲಿ. ಈ ಮೂರೂ ಆದರೆ ನಿಲ್ಲಬಹುದು.

ಸೊಸೆ ಮನೆ ಶೃಂಗೇರಿ
ಅತ್ತೆಯ ಒಂದು ತಿಂಗಳ ಔಷಧಿ ಹಪ್ಪಳದಿಂದ ಬಂದರೂ ಅದು ದುಡ್ಡೇ ತಾನೇ?

ಹೊಳೆಬದಿ ಮನೆ
ಎರಡು ವಾರ ಬರೆಯಲು ಆಗಲಿಲ್ಲ. ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತೇನೆ. ಬ್ಯಾಂಕಿಗೆ ಇಬ್ಬರೂ ಹೋಗಿದ್ದೆವು. ಅವಧಿ ಹೆಚ್ಚಿಸಲು ಅರ್ಜಿ ತಗೊಂಡಿದ್ದಾರೆ, ಒಪ್ಪಿದರೆ ಕಂತು 10 ಸಾವಿರದ ಆಸುಪಾಸಿಗೆ ಇಳಿಯುತ್ತೆ. ಗ್ರಾಚ್ಯುಟಿ ಬಂತು. ಕಾಯ್ದೆಯ ಹೆಸರು ಹಾಕಿ ಮೇಲ್ ಬರೆದ ಮೇಲೆ ನಾಲ್ಕೇ ದಿನಕ್ಕೆ! ಅದನ್ನು ಎಫ್‌ಡಿ ಮಾಡಿಟ್ಟಿದ್ದೇವೆ. ಸೊಸೈಟಿಯಲ್ಲಿ ನನ್ನ ಹೆಸರಿನಲ್ಲೇ ಷೇರು ತಗೊಂಡೆ.

ಯಜಮಾನರ ಹಳೇ ಸಹೋದ್ಯೋಗಿ ಒಬ್ಬರು ಅರ್ಧ ದಿನದ ಕೆಲಸ ಕೊಡುತ್ತೇನೆ ಅಂದಿದ್ದಾರೆ, ಸದ್ಯಕ್ಕೆ ಆರು ತಿಂಗಳಿಗೆ. ಅವರ ಷರತ್ತು ಒಂದೇ, ಕರೆಂಟು ಇಲ್ಲ ಅನ್ನಬಾರದು. ಹಾಗಾಗಿ ಬ್ಯಾಟರಿ ಬದಲಿಸುವ ಬದಲು ಟರ್ಬೈನ್ ಹಾಕುವ ಯೋಚನೆ. ಕೆಳಗಿನ ತೋಟದವರನ್ನು ಕರೆದು ಹಳ್ಳ ತೋರಿಸಿ ಮಾತಾಡಿದ್ದೇವೆ, ಒಪ್ಪಿದ್ದಾರೆ. ಅವರ ಮನೆಗೂ ಎರಡು ಬಲ್ಬಿನ ಲೈನ್ ಎಳೆಯುವುದು ಅಂತ ಮಾತಾಗಿದೆ.

@ಶಿರಸಿ ಬಲ್ಬು, ಇಳಿಜಾರು ಅಳೆದೆವು, 18 ಮೀಟರ್ ಇದೆ. ಆದರೆ ಪೈಪು 140 ಮೀಟರ್ ಬೇಕಾಗುತ್ತೆ. ಮೂರು ಇಂಚು ಸಾಕಾ?

ಶಿರಸಿ ಬಲ್ಬು
ಮೂರು ಇಂಚು ಬೇಡ. ಅಷ್ಟು ಉದ್ದಕ್ಕೆ ಒಳಗಿನ ತಿಕ್ಕಾಟದಲ್ಲೇ ಒತ್ತಡ ಹೋಗಿಬಿಡುತ್ತೆ. ನಾಲ್ಕು ಇಂಚೇ ಹಾಕಿ. ಮೇಲಿನ ಅರ್ಧಕ್ಕೆ ಕಡಿಮೆ ಒತ್ತಡದ ಪೈಪು ನಡೆಯುತ್ತೆ, ಕೆಳಗಿನ ಅರ್ಧಕ್ಕೆ ದಪ್ಪದ್ದು. ನೀರನ್ನು ಡ್ರಮ್ಮಿಗೆ ಹಿಡಿದು ಅಳೆಯಿರಿ, ಅದೂ ಮಳೆ ಶುರುವಾಗಿ ಹದಿನೈದು ದಿನ ಆದ ಮೇಲೆ. ಅಲ್ಲಿವರೆಗೆ ಟರ್ಬೈನ್‌ಗೆ ಅಡ್ವಾನ್ಸ್ ಕೊಡಬೇಡಿ.